ಮಂತ್ರಿ ಬದಲಾದಾಗ ರಾಯಭಾರ ಕಚೇರಿಯಲ್ಲಿ ಏನಾಗುತ್ತದೆ?

ಪ್ರಶ್ನೆ: ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಹೋಯಿತೆಂದು ಓದಿದ್ದೆ. ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ಪರೀಕ್ಷೆ ಬರೆದು ಸೇರಿದವರನ್ನು ಹೀಗೆ ತೆಗೆಯಬಹುದೇ? ತೆಗೆದರೆ ನಿಜವಾದ ನಷ್ಟವೇನು?
— ನಿವೃತ್ತ ಅಧ್ಯಾಪಕರೊಬ್ಬರು, ಪೆರ್ಲ

ಉತ್ತರ: ತೆಗೆಯಬಹುದು, ತೆಗೆದದ್ದೂ ಆಯಿತು. ಮಾರ್ಕೊ ರೂಬಿಯೊ ಮಂತ್ರಿಯಾದ ಆರು ತಿಂಗಳೊಳಗೆ, 2025ರ ಜುಲೈ 11ರಂದು, 1,107 ಮಂದಿ ಸಿವಿಲ್ ನೌಕರರಿಗೂ 246 ಮಂದಿ ವಿದೇಶಾಂಗ ಸೇವೆಯ ಅಧಿಕಾರಿಗಳಿಗೂ ನೋಟಿಸು ಹೋಯಿತು. ಕೆಳ ನ್ಯಾಯಾಲಯ ಒಡ್ಡಿದ್ದ ತಡೆಯನ್ನು ಸುಪ್ರೀಂ ಕೋರ್ಟು ಮೂರೇ ದಿನ ಮುಂಚೆ ತೆರವುಗೊಳಿಸಿತ್ತು. ರಟ್ಟಿನ ಪೆಟ್ಟಿಗೆ ಹೊತ್ತು ಹೊರಟವರಿಗೆ ವಾಷಿಂಗ್ಟನ್ನಿನ ಕೇಂದ್ರ ಕಚೇರಿಯ ಮೊಗಸಾಲೆಯಲ್ಲಿ ಸಹೋದ್ಯೋಗಿಗಳು ನಿಂತು ಚಪ್ಪಾಳೆ ತಟ್ಟಿ ಬೀಳ್ಕೊಟ್ಟರು.

ಯಾವ ವಿಭಾಗವನ್ನು ಮುಚ್ಚುವುದೆಂದು ನಿಶ್ಚಯವಾಯಿತೋ ಆ ವಿಭಾಗದಲ್ಲಿ ಇದ್ದವರ ತಲೆಗೆ ಅದು ಬಂತು. ವಿದೇಶಾಂಗ ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವವರಾದ್ದರಿಂದ, ಯಾರು ಆ ಹೊತ್ತಿಗೆ ಯಾವ ಮೇಜಿನ ಹಿಂದಿದ್ದರು ಎಂಬುದೇ ಅವರ ಹಣೆಬರಹವಾಯಿತು. ಅರಬ್ಬಿ, ಚೀನೀ, ಜಪಾನೀ, ಕೊರಿಯನ್ ಭಾಷೆಗಳನ್ನು ಕಲಿಸಲು ಅಲ್ಲಿನ ತರಬೇತಿ ಸಂಸ್ಥೆ ಇಟ್ಟುಕೊಂಡಿರುವ ಅವಧಿ 88 ವಾರ. ಅಷ್ಟು ಕಾಲ ಸಂಬಳ ಕೊಟ್ಟು ಕಲಿಸಿದ ಭಾಷೆಯೂ ಆ ಅಧಿಕಾರಿಯ ಜೊತೆಗೇ ಬಾಗಿಲು ದಾಟುತ್ತದೆ.

ಈ ನಷ್ಟ ಎಂಥದ್ದೆಂದು ಕಾಸರಗೋಡಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1956ಕ್ಕೆ ಮುಂಚಿನ, ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಮೂಲಗೇಣಿ (ಶಾಶ್ವತ ಗೇಣಿ) ಚೀಟೊಂದನ್ನು ಹಿಡಿದು ನಾನು ಒಂದು ಕಚೇರಿಗೆ ಹೋಗಿದ್ದೆ. ಮೋಡಿ ಅಕ್ಷರದ, ಅಂದರೆ ಕೂಡಿಸಿ ಬರೆದ, ಆ ಕನ್ನಡವನ್ನು ಓದಬಲ್ಲ ಗುಮಾಸ್ತರು ಒಬ್ಬರಿದ್ದರು, ಹಿಂದಿನ ತಿಂಗಳಷ್ಟೇ ವರ್ಗವಾಗಿದ್ದರು. ಹೊಸಬರು ಸಭ್ಯರೇ, ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, ಮಲಯಾಳಕ್ಕೆ ಅನುವಾದ ಮಾಡಿಸಿ ತನ್ನಿರಿ ಎಂದರು. ಆ ಕಡತ ಮುಂದೆ ಸರಿಯಲು ಹನ್ನೊಂದು ತಿಂಗಳು ಹಿಡಿಯಿತು. ಇಲಾಖೆಯ ಮಂತ್ರಿ ಯಾರೆಂಬುದು ಆ ಹನ್ನೊಂದು ತಿಂಗಳಲ್ಲಿ ನನಗೆ ಒಮ್ಮೆಯೂ ಮುಖ್ಯವೆನಿಸಲಿಲ್ಲ.

ಅಮೆರಿಕ ಈ ಪಾಠಕ್ಕೆ ಹಿಂದೆಯೂ ಶುಲ್ಕ ತೆತ್ತಿದೆ. ಅದರ ವಿದೇಶಾಂಗ ಅಧಿಕಾರಿಗಳಾಗಿದ್ದ ಜಾನ್ ಸರ್ವಿಸ್ ಮತ್ತು ಜಾನ್ ಪೇಟನ್ ಡೇವಿಸ್ ಇಬ್ಬರೂ ಮಿಶನರಿ ದಂಪತಿಗಳ ಮಕ್ಕಳಾಗಿ ಚೀನಾದಲ್ಲೇ ಹುಟ್ಟಿದವರು. ಚೀನಾವನ್ನು ಆಗ ಆಳುತ್ತಿದ್ದ ಚಿಯಾಂಗ್ ಕೈ ಷೇಕನ ಆಡಳಿತ ಒಳಗಿನಿಂದಲೇ ಸಡಿಲಾಗುತ್ತಿದೆ, ಕಮ್ಯುನಿಸ್ಟರ ಬಲ ಬೆಳೆಯುತ್ತಿದೆ ಎಂದು 1940ರ ದಶಕದಲ್ಲಿ ಅಲ್ಲಿಂದ ವರದಿ ಬರೆದರು. 1949ರಲ್ಲಿ ಕಮ್ಯುನಿಸ್ಟರು ಗೆದ್ದೇಬಿಟ್ಟಾಗ ಸಂಶಯ ಬಿದ್ದದ್ದು ವರದಿ ಬರೆದವರ ಮೇಲೆ. ಸರ್ವಿಸ್ 1951ರಲ್ಲಿ, ಡೇವಿಸ್ 1954ರಲ್ಲಿ ಕೆಲಸ ಕಳೆದುಕೊಂಡರು. ಸರ್ವಿಸರ ಪರವಾಗಿ ಸುಪ್ರೀಂ ಕೋರ್ಟು ತೀರ್ಪು ಕೊಡುವ ಹೊತ್ತಿಗೆ 1957 ಬಂದಿತ್ತು. ವಿಯೆಟ್ನಾಂ ಯುದ್ಧಕಾಲದ ರಕ್ಷಣಾ ಮಂತ್ರಿ ರಾಬರ್ಟ್ ಮೆಕ್‌ನಮಾರಾ, ತಮ್ಮ ಕಾಲದ ಸರ್ಕಾರದಲ್ಲಿ ಆ ಪ್ರದೇಶವನ್ನು ಬಲ್ಲವರು ಇಲ್ಲದೆಹೋದದ್ದಕ್ಕೆ ಈ ಉಚ್ಚಾಟನೆಯನ್ನೇ ಕಾರಣವಾಗಿ ಮುಪ್ಪಿನಲ್ಲಿ ಹೆಸರಿಸಿದರು.

ಪ್ರಶ್ನೆ: ಭಾರತದಲ್ಲಿಯೂ ಹೀಗಾದದ್ದುಂಟೇ?
— ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಸಾಮೂಹಿಕವಾಗಿ ಇಲ್ಲ. ಸಂವಿಧಾನದ 311ನೆಯ ವಿಧಿಯ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ವಿಚಾರಣೆಯಿಲ್ಲದೆ ಸಿವಿಲ್ ಅಧಿಕಾರಿಯನ್ನು ವಜಾ ಮಾಡುವಂತಿಲ್ಲ. ಆದರೆ ಅತಿ ಎತ್ತರದ ಕುರ್ಚಿಗೆ ಆ ಭದ್ರತೆ ಸಾಲದು. 1987ರ ಜನವರಿಯಲ್ಲಿ ರಾಜೀವ್ ಗಾಂಧಿಯವರು ಪಾಕಿಸ್ತಾನದ ಪತ್ರಕರ್ತರೊಬ್ಬರಿಗೆ ಉತ್ತರಿಸುತ್ತ, ಶೀಘ್ರದಲ್ಲೇ ಹೊಸ ವಿದೇಶಾಂಗ ಕಾರ್ಯದರ್ಶಿ ಬರುತ್ತಾರೆಂದು ಪತ್ರಿಕಾಗೋಷ್ಠಿಯಲ್ಲೇ ಹೇಳಿಬಿಟ್ಟರು. ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ಆ ಸಭಾಂಗಣದಲ್ಲೇ ಕುಳಿತಿದ್ದರು, ರಾಜೀನಾಮೆ ಬರೆದುಕೊಟ್ಟರು. ಅಧಿಕಾರ ಪ್ರಧಾನಿಯದೇ, ಅದರಲ್ಲಿ ತಕರಾರಿಲ್ಲ. ಕರೆದು ಹೇಳುವ ಮರ್ಯಾದೆ ಇರಬೇಕಿತ್ತು ಎಂಬುದಷ್ಟೇ ನನ್ನ ಅಭಿಪ್ರಾಯ. 2015ರ ಜನವರಿ 28ರಂದು ವಿದೇಶಾಂಗ ಕಾರ್ಯದರ್ಶಿ ಸುಜಾತಾ ಸಿಂಗ್ ಅವರ ಅವಧಿಯನ್ನು ಕೆಲವು ತಿಂಗಳು ಮೊಟಕುಗೊಳಿಸಿ, ನಿವೃತ್ತಿಗೆ ಕೆಲವೇ ದಿನ ಉಳಿದಿದ್ದ ಎಸ್. ಜೈಶಂಕರ್ ಅವರನ್ನು ನೇಮಿಸಲಾಯಿತು. ಅವರೇ 2019ರಲ್ಲಿ ವಿದೇಶಾಂಗ ಮಂತ್ರಿಯೂ ಆದರು.

ಪ್ರಶ್ನೆ: ನನ್ನ ಇಬ್ಬರು ಮಕ್ಕಳು ಗಲ್ಫಿನಲ್ಲಿದ್ದಾರೆ. ದೆಹಲಿಯಲ್ಲಿ ಮಂತ್ರಿ, ಇಲಾಖೆ ಬದಲಾದರೆ ಅವರಿಗೆ ತೊಂದರೆಯಾಗುತ್ತದೆಯೇ?
— ಗೃಹಿಣಿ, ಕುಂಬಳೆ

ಉತ್ತರ: ಬಹುಮಟ್ಟಿಗೆ ಇಲ್ಲ ಅಮ್ಮಾ. 2004ರಲ್ಲಿ ಹುಟ್ಟಿದ ಸಾಗರೋತ್ತರ ಭಾರತೀಯರ ಸಚಿವಾಲಯವನ್ನು 2016ರಲ್ಲಿ ವಿದೇಶಾಂಗ ಸಚಿವಾಲಯದೊಳಗೆ ಸೇರಿಸಿದಾಗಲೂ, 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಮುಂದುವರಿಯಿತು. ಕಷ್ಟಕ್ಕೆ ಸಿಕ್ಕಿದವರಿಗೆ ಊರಿಗೆ ಮರಳುವ ಟಿಕೆಟು, ಗತಿಯಿಲ್ಲದವರ ಪಾರ್ಥಿವ ಶರೀರ ಸಾಗಿಸುವ ವೆಚ್ಚ ಮುಂತಾದವಕ್ಕೆ ರಾಯಭಾರ ಕಚೇರಿಗಳು ಅದರಿಂದಲೇ ನೆರವು ಕೊಡುತ್ತವೆ. ಕಿಟಕಿಯ ಆಚೆ ಕುಳಿತು ಅರ್ಜಿ ತೆಗೆದುಕೊಳ್ಳುವವರಲ್ಲಿ ಅನೇಕರು ಅಲ್ಲೇ ನೇಮಕಗೊಂಡವರಾದ್ದರಿಂದ ದೆಹಲಿಯ ಗಾಳಿ ಅವರನ್ನು ಅಷ್ಟಾಗಿ ತಟ್ಟುವುದಿಲ್ಲ. ಮಕ್ಕಳ ಪಾಸ್‌ಪೋರ್ಟು ಮತ್ತು ವೀಸಾ ಪುಟದ ನಕಲುಗಳು ನಿಮ್ಮ ಮನೆಯ ಕಪಾಟಿನಲ್ಲಿಯೂ ಇರಲಿ. ಏನಾದರೂ ಆದಾಗ ಆ ಕಿಟಕಿಯಲ್ಲಿ ಮೊದಲು ಕೇಳುವುದು ಪಾಸ್‌ಪೋರ್ಟಿನ ಸಂಖ್ಯೆಯನ್ನೇ.