ಎಂಟು ಮನೆ, ಏಳು ಮನೆ

ಪ್ರಶ್ನೆ: ಸ್ವರ, ಲಯಗಳ ಪರಿಚಯ ನನಗಿದೆ, ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದು. ಒಂದೆರಡು ಸರಳ ನಿಯಮಗಳಿಂದ ಕಂಪ್ಯೂಟರಿನಲ್ಲಿ ಸಂಗೀತ ಸಂಯೋಜಿಸಬಹುದು ಎನ್ನುತ್ತಾರೆ. ಎಲ್ಲಿಂದ ಆರಂಭಿಸಲಿ? ಹಾಗೆ ಹುಟ್ಟಿದ್ದನ್ನು ನನ್ನ ರಚನೆ ಎನ್ನಬಹುದೇ?

ಉತ್ತರ: ಆರಂಭಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ, ಚೌಕುಳಿ ಹಾಳೆ ಸಾಕು. ಒಂದು ಸಾಲಿನಲ್ಲಿ ಎಂಟು ಮನೆಗಳನ್ನು ಬರೆದು, ಎಂಟನೆಯದರ ಪಕ್ಕದಲ್ಲಿ ಮತ್ತೆ ಒಂದನೆಯದೇ ಇದೆಯೆಂದು ಭಾವಿಸಿ, ಒಂದನೆಯದನ್ನು ಮಾತ್ರ ತುಂಬಿ. ತುಂಬಿದ ಮನೆ ಪೆಟ್ಟು, ಖಾಲಿ ಮನೆ ಬಿಡುವು. ನಿಯಮ ಇಷ್ಟೇ: ಮೇಲಿನ ಸಾಲಿನಲ್ಲಿ ಒಂದು ಮನೆಯ ಎಡಬಲದ ಮನೆಗಳ ಪೈಕಿ ಒಂದು ಮಾತ್ರ ತುಂಬಿದ್ದರೆ ಕೆಳಗಿನ ಸಾಲಿನಲ್ಲಿ ಆ ಮನೆಯನ್ನು ತುಂಬಬೇಕು, ಎರಡೂ ತುಂಬಿದ್ದರೆ ಅಥವಾ ಎರಡೂ ಖಾಲಿಯಿದ್ದರೆ ಹಾಗೆಯೇ ಬಿಡಬೇಕು. ಎರಡನೆಯ ಸಾಲಿನಲ್ಲಿ 2 ಮತ್ತು 8, ಮೂರನೆಯದರಲ್ಲಿ 3 ಮತ್ತು 7, ನಾಲ್ಕನೆಯದರಲ್ಲಿ 2, 4, 6, 8 ತುಂಬುತ್ತವೆ. ಐದನೆಯ ಸಾಲು ಪೂರ್ತಿ ಖಾಲಿ. ಅಲ್ಲಿಂದ ಮುಂದೆ ಬರೀ ಮೌನ.

ಅದೇ ನಿಯಮವನ್ನು ಏಳು ಮನೆಗಳಿಗೆ ಅನ್ವಯಿಸಿ ನೋಡಿ. ಎರಡನೆಯ ಸಾಲಿನಲ್ಲಿ 2 ಮತ್ತು 7, ಆಮೇಲೆ 3 ಮತ್ತು 6, ಆಮೇಲೆ 2, 4, 5, 7 ಎಂದು ಸಾಗುವ ಲಯ ಎಂದೂ ನಿಲ್ಲುವುದಿಲ್ಲ. ಒಂಬತ್ತನೆಯ ಸಾಲಿನಲ್ಲಿ ಮತ್ತೆ ಎರಡನೆಯ ಸಾಲೇ ಬಂದು, ಏಳೇಳು ಸಾಲುಗಳ ಸುತ್ತು ಮುಂದುವರಿಯುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಒಂದನೆಯ ಮನೆಯ ಎಡಬಲಗಳು ಯಾವಾಗಲೂ ಒಂದೇ ಸ್ಥಿತಿಯಲ್ಲಿರುವುದರಿಂದ, ಆರಂಭದಲ್ಲಿ ಬಿದ್ದ ಆ ಪೆಟ್ಟು ಮತ್ತೆಂದೂ ಬೀಳುವುದಿಲ್ಲ. ಕೈಯಲ್ಲಿ ತಟ್ಟಿ ನೋಡಿದರೆ ಮೊದಲ ಮಾತ್ರೆಯ ಈ ಕೊರತೆಯೇ ಲಯಕ್ಕೆ ಒಂದು ವಿಚಿತ್ರ ಸೆಳೆತವನ್ನು ಕೊಡುವುದು ತಿಳಿಯುತ್ತದೆ.

ನಿಯಮವನ್ನು ಜರಡಿಯಾಗಿಯೂ ಬಳಸಬಹುದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ ಅವರು 1957ರ ತಮ್ಮ ತಂತಿವಾದ್ಯ ಚತುಷ್ಟಯಕ್ಕೆ ಇಲಿಯಾಕ್ ಎಂಬ ಕಂಪ್ಯೂಟರಿನಿಂದ ಯಾದೃಚ್ಛಿಕ ಸಂಖ್ಯೆಗಳನ್ನು ಪಡೆದು, ಅವುಗಳನ್ನು ಸ್ವರಗಳೆಂದು ಪರಿಗಣಿಸಿ, ಸಂಯೋಜನೆಯ ನಿಯಮಗಳಿಗೆ ಹೊಂದದವನ್ನು ತಳ್ಳಿಹಾಕುವಂತೆ ಮಾಡಿದರು. ಆದರೆ ಯಾದೃಚ್ಛಿಕತೆಯನ್ನು ಆರಂಭದಲ್ಲೇ ತರಬೇಡಿ. ಕಿವಿಗೆ ಹಿತವೆನಿಸಿದ್ದು ನಿಯಮದ ಫಲವೋ ಆಕಸ್ಮಿಕವೋ ಎಂಬುದು ಆಗ ತಿಳಿಯದು.

ರಚನೆ ನಿಮ್ಮದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎಂಟನ್ನು ಬಿಟ್ಟು ಏಳನ್ನು ಆಯ್ದವರು, ಯಾವ ಮನೆಗೆ ಯಾವ ಸ್ವರ ಅಥವಾ ವಾದ್ಯ ಎಂದು ಗೊತ್ತುಪಡಿಸಿದವರು, ಎಷ್ಟನೆಯ ಸಾಲಿಗೆ ಸಾಕು ಎಂದು ನಿಲ್ಲಿಸಿದವರು ನೀವು. ಹಿಡಿಸದ ಸಾಲನ್ನು ಕೈಯಾರೆ ತಿದ್ದುವುದೂ ತಪ್ಪಲ್ಲ. ಆದರೂ ಮೊದಮೊದಲು ಸಾಲನ್ನು ತಿದ್ದುವ ಬದಲು ನಿಯಮವನ್ನೇ ಬದಲಿಸಿ, ಇಲ್ಲವೇ ಆರಂಭದಲ್ಲಿ ಬೇರೆ ಎರಡು ಮನೆಗಳನ್ನು ತುಂಬಿ, ಏನೇನು ವ್ಯತ್ಯಾಸವಾಯಿತೆಂದು ಕೇಳಿಸಿಕೊಳ್ಳಿ.