ಪ್ರೆಸ್ ಕಾರ್ಡ್ ಇಲ್ಲದ ಯೂಟ್ಯೂಬ್ ವರದಿಗಾರರ ಮೊಬೈಲ್‌ಗೆ ಪೊಲೀಸರು ಕೈ ಹಾಕಬಹುದೇ?

ನೀವು ಕೇಳಿರುವುದು ಇಷ್ಟು: ನಿಮ್ಮದೇ ಯೂಟ್ಯೂಬ್ ಚಾನೆಲ್‌ಗೆ ಪ್ರತಿಭಟನೆಯೊಂದನ್ನು ಶೂಟ್ ಮಾಡುತ್ತಿದ್ದಿರಿ. ಪ್ರೆಸ್ ಕಾರ್ಡ್ ಎಲ್ಲಿ ಎಂದ ಪೊಲೀಸರು ಠಾಣೆಗೆ ಕರೆದೊಯ್ದು, ಮೊಬೈಲ್ ಕಿತ್ತುಕೊಂಡು, ವಿಡಿಯೊ ಅಳಿಸಿ ಸಂಜೆ ಬಿಟ್ಟು ಕಳಿಸಿದರು. ಅವರಿಗೆ ಆ ಅಧಿಕಾರ ಇದೆಯೇ?

ಅಳಿಸುವ ಅಧಿಕಾರ ಇಲ್ಲವೇ ಇಲ್ಲ. ಉಳಿದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ವಕೀಲನಲ್ಲ, ಪತ್ರಿಕೆಯಲ್ಲಿ ಜಿಲ್ಲಾ ವರದಿಗಾರನಾಗಿದ್ದು ಈಗ ನಿಮ್ಮ ಹಾಗೇ ಸ್ವಂತ ಚಾನೆಲ್ ನಡೆಸುತ್ತಿರುವವನು.

ಮೊದಲು ತುರ್ತಿನ ಮಾತು. ಆ ಫೋನಿನಲ್ಲಿ ಇನ್ನು ಹೊಸ ವಿಡಿಯೊ ತೆಗೆಯಬೇಡಿ. ಗ್ಯಾಲರಿಯ ಟ್ರ್ಯಾಶ್ ನೋಡಿ. ಅಳಿಸಿದ್ದು ಹೆಚ್ಚಿನ ಫೋನುಗಳಲ್ಲಿ ಸುಮಾರು 30 ದಿನ ಅಲ್ಲೇ ಬಿದ್ದಿರುತ್ತದೆ. ಅವಸರದಲ್ಲಿ ಅಳಿಸುವವರು ಅದನ್ನೂ ಖಾಲಿ ಮಾಡುವುದು ಅಪರೂಪ.

ಇನ್ನು ಕಾರ್ಡಿನ ವಿಷಯ. ನಮ್ಮ ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯ ಅಂತ ಪ್ರತ್ಯೇಕ ವಿಧಿಯೇ ಇಲ್ಲ. ಪ್ರತಿಯೊಬ್ಬ ಪ್ರಜೆಗೂ ಇರುವ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯವೇ ಪತ್ರಕರ್ತರಿಗೂ ಇರುವುದು. ಪ್ರಜೆಗಿಲ್ಲದ ವಿಶೇಷ ಹಕ್ಕು ಪತ್ರಿಕೆಗಿಲ್ಲ, ಹಾಗಾಗಿ ಬೇರೆ ವಿಧಿ ಬೇಕಿಲ್ಲ ಎಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರೇ ಹೇಳಿದ್ದರು. ವಾರ್ತಾ ಇಲಾಖೆ ಕೊಡುವ ಮಾನ್ಯತಾ ಕಾರ್ಡು ಸರ್ಕಾರಿ ಕಾರ್ಯಕ್ರಮಗಳಿಗೆ ಪ್ರವೇಶ, ಒಂದಿಷ್ಟು ಸೌಲಭ್ಯ ಕೊಡುತ್ತದೆ, ಅಷ್ಟೇ. ಬೀದಿಯಲ್ಲಿ ನಿಂತು ಚಿತ್ರೀಕರಿಸಲು ಅದು ಲೈಸೆನ್ಸ್ ಅಲ್ಲ. 2023ರ ಪತ್ರಿಕಾ ನೋಂದಣಿ ಕಾಯ್ದೆ ಕೂಡ ನಿಯತಕಾಲಿಕಗಳಿಗೆ ಸಂಬಂಧಿಸಿದ್ದು. ಯೂಟ್ಯೂಬ್ ಚಾನೆಲ್ ಅದರಡಿ ನೋಂದಾಯಿಸುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಲೋಗೊ ಹಿಡಿದು ರೋಲ್‌ಕಾಲ್ ಮಾಡುವ ಮಂದಿ ನಮ್ಮಲ್ಲಿ ಕಡಿಮೆಯೇನಿಲ್ಲ. ‘ನಕಲಿ ಪತ್ರಕರ್ತ’ ಎಂಬ ನೆಪವನ್ನು ಪೊಲೀಸರ ಕೈಗೆ ಕೊಟ್ಟವರು ಅವರೇ.

ಹಾಗಂತ ಪೊಲೀಸರು ತಡೆಯಲೇಬಾರದು ಎಂದಲ್ಲ. ನಿಷೇಧಾಜ್ಞೆ ಇದ್ದರೆ (ಹಳೆಯ 144, ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್), ಬ್ಯಾರಿಕೇಡ್ ಹಾಕಿದ್ದರೆ ಹಿಂದೆ ಸರಿಯಿರಿ ಎನ್ನಬಹುದು. ಆಗ ಆದೇಶದ ಪ್ರತಿ ಕೇಳಿ. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳುವಾಗ ದನಿ ಮಾತ್ರ ತಗ್ಗಿರಲಿ. ಕರ್ತವ್ಯಕ್ಕೆ ಅಡ್ಡಿ ಎಂಬ ಕೇಸು ಜಡಿಯಲು ಒಂದು ತಳ್ಳಾಟ ಸಾಕು.

ಮೊಬೈಲ್‌ನದು ಬೇರೆಯದೇ ಕಥೆ. ಅದರಲ್ಲಿ ನಿಮ್ಮ ವಿಡಿಯೊ ಮಾತ್ರ ಇರುವುದಿಲ್ಲ, ನಿಮಗೆ ಮಾಹಿತಿ ಕೊಟ್ಟವರ ಹೆಸರು, ನಂಬರು, ಚಾಟ್ ಎಲ್ಲವೂ ಇರುತ್ತದೆ. ಕೇಸು ನಿಮ್ಮ ಮೇಲಾದರೂ ಬೆಲೆ ತೆರುವವರು ಅವರು. ಜಪ್ತಿ ಮಾಡಬೇಕೆಂದರೆ ಆ ಫೋನಿಗೂ ಯಾವುದಾದರೂ ಅಪರಾಧಕ್ಕೂ ಸಂಬಂಧವಿದೆ ಎಂಬ ಅನುಮಾನವಾದರೂ ಬೇಕು, ಮಹಜರು ಬರೆಯಬೇಕು, ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು. ಹೊಸ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪೊಲೀಸರೇ ವಿಡಿಯೊ ಮಾಡಬೇಕು. ಕೊಡಲೇಬೇಕಾದ ಸಂದರ್ಭ ಬಂದರೆ ಮಹಜರಿನ ಪ್ರತಿ ಕೇಳಿ, ಅದರಲ್ಲಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆಸಿ, ಹ್ಯಾಶ್ ವ್ಯಾಲ್ಯೂ (ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿ ತೆಗೆಯುವ ಡಿಜಿಟಲ್ ಗುರುತು) ದಾಖಲಿಸಿ ಎಂದು ಕೇಳಿ. ಒಳಗಿನದನ್ನು ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಂದು ತೋರಿಸಲು ಇರುವ ದಾರಿ ಅದು.

ಪಾಸ್‌ವರ್ಡ್? ನಮ್ಮ ರಾಜ್ಯದಲ್ಲಿ ಇದಕ್ಕೆ 2021ರ ಹೈಕೋರ್ಟ್ ತೀರ್ಪಿದೆ, ವೀರೇಂದ್ರ ಖನ್ನಾ ಪ್ರಕರಣದ್ದು. ತನಿಖಾಧಿಕಾರಿ ಕೇಳಬಹುದು, ಕೊಡುವುದು ಬಿಡುವುದು ನಿಮ್ಮಿಷ್ಟ; ಕೊಡದಿದ್ದರೆ ಅವರು ನ್ಯಾಯಾಲಯದಿಂದ ವಾರಂಟ್ ತರಬೇಕು. ಠಾಣೆಯ ಬೆಂಚಿನ ಮೇಲೆ ಕೂತಾಗ ಇದೆಲ್ಲ ನೆನಪಿಗೆ ಬರುವುದಿಲ್ಲ. ಆದ್ದರಿಂದ ಫೀಲ್ಡಿಗೆ ಹೊರಡುವ ಮುಂಚೆಯೇ ಬೆರಳಚ್ಚು ಮತ್ತು ಫೇಸ್ ಲಾಕ್ ತೆಗೆದು ಉದ್ದನೆಯ ಪಿನ್ ಹಾಕಿ, ಆಟೊ ಬ್ಯಾಕಪ್ ಆನ್ ಮಾಡಿ. ಸಾಧ್ಯವಿದ್ದರೆ ಶೂಟಿಂಗ್‌ಗೆ ಬೇರೆಯೇ ಫೋನ್ ಇಟ್ಟುಕೊಳ್ಳಿ. 2023ರ ಅಕ್ಟೋಬರ್ 3ರಂದು ದೆಹಲಿ ಪೊಲೀಸರು ಸುದ್ದಿ ಜಾಲತಾಣ ನ್ಯೂಸ್‌ಕ್ಲಿಕ್‌ಗೆ ಸಂಬಂಧಿಸಿದ ಪತ್ರಕರ್ತರ ಮನೆಗಳಿಗೆ ನುಗ್ಗಿ ಲ್ಯಾಪ್‌ಟಾಪ್, ಫೋನು ಹೊತ್ತೊಯ್ದರು. ಸಾಧನ ಜಪ್ತಿಗೆ ಮಾರ್ಗಸೂಚಿ ಬೇಕು ಎಂದು ಅದರ ಮರುತಿಂಗಳೇ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಬಂಧನಕ್ಕೆ ಕಾರಣಗಳನ್ನು ಬರಹದಲ್ಲಿ ಕೊಡಲಿಲ್ಲ ಎಂಬ ಕಾರಣಕ್ಕೆ ನ್ಯೂಸ್‌ಕ್ಲಿಕ್ ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರ ಬಂಧನವೇ 2024ರ ಮೇ ತಿಂಗಳಲ್ಲಿ ಅಸಿಂಧುವಾಯಿತು. ನಾನು ಪದೇ ಪದೇ ‘ಬರಹದಲ್ಲಿ ಕೇಳಿ’ ಎನ್ನುವುದು ಇದಕ್ಕೇ. ವಿಚಾರಣೆಗೆ ಬನ್ನಿ ಎಂದು ಫೋನ್ ಬಂದರೂ ನೋಟಿಸ್ ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯಡಿ ಆರೋಪಿಗೆ ಕೊಡುವ 35ನೇ ಸೆಕ್ಷನ್‌ನ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಕೋರ್ಟುಗಳು ನಮ್ಮ ಪರ ಇವೆಯಲ್ಲ ಎಂದು ತೀರಾ ನೆಮ್ಮದಿಪಡಬೇಡಿ. ಯೂಟ್ಯೂಬ್ ಕಾರ್ಯಕ್ರಮಕ್ಕಾಗಿ ಹಿರಿಯ ಪತ್ರಕರ್ತ ವಿನೋದ್ ದುವಾ ಮೇಲೆ ಹಾಕಿದ್ದ ರಾಜದ್ರೋಹದ ಕೇಸು 2021ರಲ್ಲಿ ರದ್ದಾಯಿತು, ನಿಜ. ಆದರೆ ಹತ್ತು ವರ್ಷ ಅನುಭವವಿರುವ ಪತ್ರಕರ್ತರ ಮೇಲೆ ಎಫ್‌ಐಆರ್ ಹಾಕುವ ಮುನ್ನ ಸಮಿತಿಯೊಂದು ಪರಿಶೀಲಿಸಲಿ ಎಂಬ ಅವರ ಬೇಡಿಕೆಯನ್ನು ಅದೇ ತೀರ್ಪು ತಿರಸ್ಕರಿಸಿತು. ಕೇರಳದ ಪತ್ರಕರ್ತ ಸಿದ್ದೀಕ್ ಕಪ್ಪನ್ ಉತ್ತರ ಪ್ರದೇಶದ ಹಾಥ್ರಸ್‌ಗೆ ವರದಿಗೆಂದು ಹೊರಟು ಬಂಧನಕ್ಕೊಳಗಾದದ್ದು 2020ರ ಅಕ್ಟೋಬರ್‌ನಲ್ಲಿ, ಜೈಲಿನಿಂದ ಹೊರಬಂದದ್ದು 2023ರ ಫೆಬ್ರವರಿಯಲ್ಲಿ. ಜಾಮೀನು ಸಿಗುವ ಹೊತ್ತಿಗೆ ಶಿಕ್ಷೆ ಅನುಭವಿಸಿ ಮುಗಿದಿರುತ್ತದೆ. ದೊಡ್ಡ ಸಂಸ್ಥೆಯ ವರದಿಗಾರನಿಗೆ ಸಂಸ್ಥೆಯ ವಕೀಲರಿರುತ್ತಾರೆ. ನಮಗೆ ಯಾರಿದ್ದಾರೆ? ಪರಿಚಯದ ಒಬ್ಬ ಕ್ರಿಮಿನಲ್ ವಕೀಲರ ನಂಬರನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಫೋನೇ ಹೋದ ಮೇಲೆ ಅದರಲ್ಲಿದ್ದ ನಂಬರಿನಿಂದ ಪ್ರಯೋಜನವಿಲ್ಲ.

ವಿಡಿಯೊ ಪ್ರಕಟವಾದ ಮೇಲೂ ಕಾಟ ತಪ್ಪುವುದಿಲ್ಲ. ಕೇಂದ್ರದ ಸಹಯೋಗ್ ಪೋರ್ಟಲ್ ಮೂಲಕ ಪೊಲೀಸರೂ ಕಂಟೆಂಟ್ ತೆಗೆಯಿರಿ ಎಂದು ಯೂಟ್ಯೂಬ್‌ನಂಥ ವೇದಿಕೆಗಳಿಗೆ ನೋಟಿಸ್ ಕಳಿಸಬಹುದು. ಅದನ್ನು ಪ್ರಶ್ನಿಸಿದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿ 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್‌ನಲ್ಲಿ ವಜಾ ಆಗಿದೆ. ಸಿವಿಲ್ ಕೋರ್ಟಿನ ತಡೆಯಾಜ್ಞೆ ಇನ್ನೊಂದು ಅಸ್ತ್ರ. ಶವಗಳನ್ನು ಹೂತ ಆರೋಪದ ಧರ್ಮಸ್ಥಳದ ಪ್ರಕರಣದಲ್ಲಿ ಬೆಂಗಳೂರಿನ ನ್ಯಾಯಾಲಯ ಸಾವಿರಾರು ಲಿಂಕ್ ತೆಗೆಯಲು ಆದೇಶಿಸಿದಾಗ ಹೈಕೋರ್ಟಿಗೆ ಹೋಗಿ 2025ರ ಆಗಸ್ಟ್ 1ರಂದು ಅದನ್ನು ರದ್ದು ಮಾಡಿಸಿಕೊಂಡದ್ದು ಕುಡ್ಲ ರಾಂಪೇಜ್ ಎಂಬ ಯೂಟ್ಯೂಬ್ ಚಾನೆಲ್. ಸಣ್ಣವರು ಹೋರಾಡಲಾಗದು ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಈಗ ನೀವು ಮಾಡಬೇಕಾದ್ದು: ನಡೆದದ್ದನ್ನು ದಿನಾಂಕ, ಸಮಯ, ಠಾಣೆಯ ಹೆಸರಿನ ಸಮೇತ ಬರೆದು ಎಸ್‌ಪಿ ಅವರಿಗೆ (ನಗರವಾದರೆ ಕಮಿಷನರ್‌ಗೆ) ದೂರು ಕೊಡಿ, ಸ್ವೀಕೃತಿ ಪಡೆಯಿರಿ. ದೂರಿನ ಒಂದು ಪ್ರತಿ ಪೊಲೀಸ್ ದೂರು ಪ್ರಾಧಿಕಾರಕ್ಕೂ ಹೋಗಲಿ. ಆ ಹೊತ್ತಿನ ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಅದೇ ಅರ್ಜಿಯಲ್ಲಿ ಕೇಳಿ. ಕನಿಷ್ಠ ಒಂದು ವರ್ಷ ದೃಶ್ಯ ಇಟ್ಟಿರಬೇಕು ಎಂದು 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಹೇಳುತ್ತದೆ, ಆದರೆ ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬರುವುದು ಸಾಮಾನ್ಯ. ಅರ್ಜಿ ನಾಳೆಯೇ ಹೋಗಲಿ.