ಸಾರಾಂಶ, ಆಶಯ, ರೂಪಕ: ಒಂಬತ್ತನೆಯ ತರಗತಿಯ ಮಗುವಿಗೆ ಮೊದಲು ಏನನ್ನು ಕಲಿಸಬೇಕು?

ಸಾರಾಂಶ, ಆಶಯ, ಸ್ವಾರಸ್ಯ, ಉಪಮೆ, ರೂಪಕ ಇವುಗಳ ವ್ಯಾಖ್ಯೆ ತಮ್ಮ ಮಗಳಿಗೆ ಬಾಯಿಪಾಠವಾಗಿದ್ದರೂ ಹೊಸ ಪದ್ಯವನ್ನು ಮುಂದಿಟ್ಟಾಗ ಯಾವುದು ಏನೆಂದು ಗುರುತಿಸಲಾಗುತ್ತಿಲ್ಲ, ಯಾವ ಪದದಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಕಲಬುರಗಿ ಜಿಲ್ಲೆಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನನ್ನ ಅಭಿಪ್ರಾಯದಲ್ಲಿ ವ್ಯಾಖ್ಯೆಯನ್ನು ಸದ್ಯಕ್ಕೆ ಬದಿಗಿಟ್ಟು, ಒಂದೇ ಒಂದು ಚಿಕ್ಕ ರಚನೆಯ ಮೇಲೆ ಪ್ರಶ್ನೆ ಕೇಳುತ್ತಾ ಹೋಗಿ, ಉತ್ತರ ಹೊಳೆದ ಮೇಲೆ ಅದರ ಹೆಸರನ್ನು ಹೇಳುವುದು ಸರಿ. ನಾನು ಆರಿಸಿಕೊಳ್ಳುವುದು ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ಎಂಬ ವಚನವನ್ನು. ಅದು ಬಹುತೇಕ ಮಕ್ಕಳಿಗೆ ಕೇಳಿ ಗೊತ್ತಿರುತ್ತದೆ.

ಇಲ್ಲಿ ಮಾತನಾಡುತ್ತಿರುವವರು ಯಾರು ಎಂದು ಮೊದಲು ಕೇಳಿರಿ. ‘ನಾನೇನ ಮಾಡಲಿ, ಬಡವನಯ್ಯಾ’ ಎನ್ನುವ ದನಿ ಒಬ್ಬ ಬಡವನದು. ಆದರೆ ಬಸವಣ್ಣನವರು ಕಲ್ಯಾಣದಲ್ಲಿ, ಅಂದರೆ ನಮ್ಮ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಬಿಜ್ಜಳನ ಭಂಡಾರಿಯಾಗಿದ್ದವರು. ಆದ್ದರಿಂದ ರಚನೆಯೊಳಗಿನ ‘ನಾನು’ ಮತ್ತು ಅದನ್ನು ರಚಿಸಿದ ವ್ಯಕ್ತಿ ಯಾವಾಗಲೂ ಒಂದೇ ಆಗಿರಬೇಕಿಲ್ಲ ಎಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಆ ‘ನಾನು’ ನಿರೂಪಕ. ರಚಿಸಿದವರು ಯಾರೆಂದು ಸೂಚಿಸುವ ‘ಕೂಡಲಸಂಗಮದೇವ’ ಅಂಕಿತ.

ಉಳ್ಳವರು ಗುಡಿ ಕಟ್ಟಿಸುತ್ತಾರೆ, ಬಡವನು ತನ್ನ ದೇಹವನ್ನೇ ಗುಡಿಯಾಗಿಸುತ್ತಾನೆ, ಸ್ಥಾವರ (ನಿಂತಲ್ಲೇ ಇರುವುದು) ಅಳಿಯುತ್ತದೆ, ಜಂಗಮ (ಚಲಿಸುವುದು) ಉಳಿಯುತ್ತದೆ ಎಂದು ಹೇಳಿದರೆ ಅದು ಸಾರಾಂಶ. ಇಷ್ಟನ್ನೂ ಹೇಳಿದ್ದು ಯಾತಕ್ಕಾಗಿ ಎಂಬುದರ ಉತ್ತರ, ಅಂದರೆ ಭಕ್ತಿಗೆ ಸಂಪತ್ತು ಅಗತ್ಯವಲ್ಲ ಎಂಬುದು, ಆಶಯ. ಅಸಹಾಯಕತೆಯ ಮಾತಿನಿಂದ ಆರಂಭವಾದ ವಚನವು ಕೊನೆಗೆ ಬಡವನನ್ನೇ ಮೇಲೆ ನಿಲ್ಲಿಸುವ ತಿರುವು ಅದರ ಸ್ವಾರಸ್ಯ. ಪರೀಕ್ಷೆಯ ‘ಸಂದರ್ಭದೊಡನೆ ಸ್ವಾರಸ್ಯ’ದ ಪ್ರಶ್ನೆಗೆ ಹೆಚ್ಚಿನ ಮಕ್ಕಳು ಸಾರಾಂಶವನ್ನೇ ಎರಡು ಸಲ ಬರೆದು ಬರುತ್ತಾರೆ, ಏಕೆಂದರೆ ಈ ತಿರುವನ್ನು ಗಮನಿಸುವಂತೆ ಅವರಿಗೆ ಯಾರೂ ಹೇಳಿರುವುದಿಲ್ಲ.

ಅಲಂಕಾರಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿರಿ. ‘ದೇಹವು ದೇಗುಲದಂತೆ ಪವಿತ್ರವಾಗಿದೆ’ ಎಂದಿದ್ದರೆ ದೇಹ ಉಪಮೇಯ, ದೇಗುಲ ಉಪಮಾನ, ‘ಅಂತೆ’ ಉಪಮಾವಾಚಕ, ಪಾವಿತ್ರ್ಯ ಸಮಾನಧರ್ಮ. ನಾಲ್ಕೂ ಇರುವುದರಿಂದ ಅದು ಪೂರ್ಣೋಪಮೆ. (ನಮ್ಮ ಭಾಗದ ಮಾತಿನ ‘ಹಂಗ’ ಕೂಡ ಉಪಮಾವಾಚಕವೇ.) ವಚನದಲ್ಲಿರುವುದು ‘ಕಾಲೇ ಕಂಬ, ದೇಹವೇ ದೇಗುಲ’, ಹೋಲಿಕೆಯ ಪದ ಬಿದ್ದುಹೋಗಿ ಎರಡೂ ಒಂದೇ ಎನಿಸಿಕೊಂಡಿವೆ, ಆದ್ದರಿಂದ ರೂಪಕ. ಇಷ್ಟಕ್ಕೇ ನಿಲ್ಲಿಸದೆ, ಇಲ್ಲಿ ಉಪಮೆ ಏಕೆ ಸಾಲದು ಎಂದು ಕೇಳಿರಿ. ದೇಗುಲದಂತಹದು ಎಂದಿದ್ದರೆ ನಿಜವಾದ ದೇಗುಲ ಉಳ್ಳವರ ಬಳಿಯೇ ಉಳಿದು, ಬಡವನ ಪಾಲಿಗೆ ಅದರ ಹೋಲಿಕೆಯಷ್ಟೇ ಬರುತ್ತಿತ್ತು. ಆಶಯವೇ ರೂಪಕವನ್ನು ಬೇಡುತ್ತಿದೆ ಎಂಬುದನ್ನು ಕಂಡುಕೊಂಡ ಮಗು ವ್ಯಾಖ್ಯೆಯನ್ನು ಮರೆತರೂ ಅಲಂಕಾರವನ್ನು ಮರೆಯುವುದಿಲ್ಲ. ಅಂದ ಹಾಗೆ, ಲಭ್ಯವಿರುವ ಕನ್ನಡ ಕೃತಿಗಳಲ್ಲೇ ಹಳೆಯದಾದ, 9ನೆಯ ಶತಮಾನದ ‘ಕವಿರಾಜಮಾರ್ಗ’ವು ಚರ್ಚಿಸುವುದು ಇಂತಹ ಅಲಂಕಾರಗಳನ್ನೇ. ಅದು ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿ ಮಾನ್ಯಖೇಟವು ಸೇಡಂ ತಾಲ್ಲೂಕಿನ ಇಂದಿನ ಮಳಖೇಡ ಎಂದು ಮಗಳಿಗೆ ತಿಳಿಸಿರಿ.

ಛಂದಸ್ಸಿಗೆ ಮಾತ್ರ ಈ ವಚನ ಒದಗುವುದಿಲ್ಲ, ಏಕೆಂದರೆ ವಚನಕ್ಕೆ ನಿಯತವಾದ ಮಾತ್ರಾಗಣಗಳಿಲ್ಲ, ಅಂದರೆ ಉಚ್ಚಾರಣೆಯ ಕಾಲವನ್ನು ಅಳೆಯುವ ಮಾತ್ರೆಗಳ ಗೊತ್ತಾದ ಗುಂಪುಗಳಿಲ್ಲ. ಅದಕ್ಕೆ ಆರು ಸಾಲಿನ ಪದ್ಯಜಾತಿಯಾದ ಭಾಮಿನಿ ಷಟ್ಪದಿಯನ್ನು ತೆಗೆದುಕೊಂಡು, ಲಘುವಿಗೆ (ಚಿಕ್ಕ ಉಚ್ಚಾರಣೆಯ ಅಕ್ಷರ) ಒಂದು, ಗುರುವಿಗೆ (ದೀರ್ಘ ಉಚ್ಚಾರಣೆಯ ಅಕ್ಷರ) ಎರಡು ಮಾತ್ರೆಯಂತೆ 3, 4, 3, 4ರ ಲಯವನ್ನು ಮೊದಲು ಚಪ್ಪಾಳೆಯಲ್ಲಿ ಹಿಡಿಸಿ, ಪ್ರಸ್ತಾರ ಹಾಕುವುದನ್ನು, ಅಂದರೆ ಅಕ್ಷರಗಳ ಮೇಲೆ ಲಘು-ಗುರು ಗುರುತು ಹಾಕುವುದನ್ನು, ಅನಂತರ ಕಲಿಸಿರಿ.